ಮನೆ ರಿಪೇರಿಯೂ ಕ್ಲಚ್ ವೈರೂ: ಕೆಲಗೇರಿಯಲ್ಲಿ ಕಲಿತ ಪಾಠ

ನಮ್ಮ ಸಂಘದ ಸದಸ್ಯರಲ್ಲಿ ಮೋಟರ್ ಸೈಕಲ್ ಇಲ್ಲದ ಮನೆ ಈಗ ವಿರಳ. ಸಂಘದ ಕಚೇರಿಗೆ ಬರುವುದಕ್ಕೆ, ಪೇಟೆಯಿಂದ ಸುಣ್ಣ ಮೈಲುತುತ್ತ ತರುವುದಕ್ಕೆ, ಕೊನೆಗಾರರನ್ನು ಕರೆತರುವುದಕ್ಕೆ, ರಾತ್ರಿ ಹೊತ್ತು ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಡಾಕ್ಟರ ಮನೆಯ ಬಾಗಿಲು ತಟ್ಟುವುದಕ್ಕೆ, ಎಲ್ಲದಕ್ಕೂ ಅದೇ ವಾಹನ. ಗ್ಯಾರೇಜು ಮಾತ್ರ ದೂರ. ಆದುದರಿಂದ ಸಣ್ಣಪುಟ್ಟ ರಿಪೇರಿಯನ್ನು ಮನೆಯ ಅಂಗಳದಲ್ಲಿಯೇ ಮಾಡಿಕೊಳ್ಳುವುದು ನಮ್ಮೆಲ್ಲರ ರೂಢಿ. ಈ ರೂಢಿ ಒಳ್ಳೆಯದೇ. ಅದನ್ನು ಬಿಡಿ ಎಂದು ಹೇಳಲು ಈ ಲೇಖನ ಬರೆಯುತ್ತಿಲ್ಲ. ಆದರೆ ಅರ್ಧ ತಿಳಿದು ಮಾಡಿದ ರಿಪೇರಿ, ಮಾಡದೆ ಬಿಟ್ಟ ರಿಪೇರಿಗಿಂತ ಹೆಚ್ಚು ಅಪಾಯಕಾರಿಯಾಗಬಹುದು ಎಂಬುದನ್ನು ನಾವು ಸ್ವತಃ ಕಂಡುಕೊಂಡೆವು. ಅದನ್ನು ಸದಸ್ಯ ಬಾಂಧವರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಕೆಲಗೇರಿಯಲ್ಲಿ ನಡೆದದ್ದು

ಕಳೆದ ಆಯುಧಪೂಜೆಯ ಹಿಂದಿನ ದಿನ ಎಲ್ಲರಂತೆ ನಾವೂ ಗಾಡಿ ತೊಳೆದೆವು. ಮಳೆಗಾಲವಿಡೀ ಕೆಸರಿನಲ್ಲಿ ಓಡಿದ ಗಾಡಿ. ಚೈನಿಗೆ ಎಣ್ಣೆ ಹಾಕಿದೆವು, ಬ್ರೇಕು ನೋಡಿದೆವು. ಕ್ಲಚ್ ಲಿವರ್ ತುಸು ಸಡಿಲಾಗಿದೆ ಅನ್ನಿಸಿತು. ಮೊದಲಿಗಿಂತ ಹೆಚ್ಚು ಒತ್ತಿದ ಮೇಲೆಯೇ ಕ್ಲಚ್ ಬಿಡುತ್ತಿತ್ತು. ಲಿವರಿನ ಬಳಿಯ ಅಡ್ಜಸ್ಟರನ್ನು ನಾಲ್ಕು ಸುತ್ತು ಹೊರಕ್ಕೆ ತಿರುಗಿಸಿದೆವು, ಲಾಕ್ ನಟ್ ಬಿಗಿದೆವು. ಲಿವರ್ ಹೊಸದರಂತಾಯಿತು. ಮೇಲಿನಿಂದ ಎರಡು ಹನಿ ಎಣ್ಣೆ ಬಿಟ್ಟು, ಕುಂಕುಮ ಹಚ್ಚಿ, ಹೂವಿಟ್ಟು ಕೈ ಮುಗಿದೆವು.

ಅದಾದ ಮೂರನೆಯ ವಾರ ತೋಟದ ಮಣ್ಣಿನ ಮಾದರಿಗಳನ್ನು ಕಟ್ಟಿಕೊಂಡು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಹೊರಟೆವು. ಒಂದು ಮೂಲೆಯ ಅಡಿಕೆ ಮರಗಳು ಹಳದಿಗೆ ತಿರುಗಿದ್ದವು. ಗೊಬ್ಬರ ಸುರಿಯುವ ಮೊದಲು ಮಣ್ಣು ಪರೀಕ್ಷೆ ಆಗಲಿ ಎಂಬುದು ನಮ್ಮ ವಿಚಾರ. ಅಳ್ನಾವರದ ಮೇಲೆ ಹಾದು ಬರುವ ಗೋವಾ ರಸ್ತೆಯಲ್ಲಿ ಧಾರವಾಡ ಮುಟ್ಟುವ ಮೊದಲು ಕೆಲಗೇರಿ ಸಿಗುತ್ತದೆ. ಈಗ ಅದು ಮಹಾನಗರಪಾಲಿಕೆಗೆ ಸೇರಿದ್ದರೂ ನಡೆನುಡಿಯಲ್ಲಿ ಊರೇ. ಅಲ್ಲಿ ಶಾಲೆಯ ಮಕ್ಕಳು ರಸ್ತೆ ದಾಟುತ್ತಿದ್ದರು. ನಾವು ಮೊದಲನೆಯ ಗೇರಿಗಿಳಿಸಿ, ಕ್ಲಚ್ಚನ್ನು ಅರ್ಧ ಹಿಡಿದು, ನಡಿಗೆಯ ವೇಗದಲ್ಲಿ ಬರುತ್ತಿದ್ದೆವು.

ಟಕ್ಕೆಂದು ಸದ್ದಾಯಿತು. ಲಿವರ್ ಹ್ಯಾಂಡಲಿಗೆ ಬಂದು ಅಂಟಿಕೊಂಡಿತು. ಅರ್ಧ ಹಿಡಿದಿದ್ದ ಕ್ಲಚ್ ಒಮ್ಮೆಲೇ ಕಚ್ಚಿಕೊಂಡಿದ್ದರಿಂದ ಗಾಡಿ ಮುಂದಕ್ಕೆ ಜಿಗಿಯಿತು. ಎರಡೂ ಬ್ರೇಕು ಒತ್ತಿದೆವು. ಇಂಜಿನ್ ಒದರಾಡಿ ನಿಂತಿತು. ಮುಂದಿನ ಗಾಲಿಗೂ ಒಂದು ಹುಡುಗಿಯ ಪಾಟಿಚೀಲಕ್ಕೂ ನಡುವೆ ಉಳಿದದ್ದು ಒಂದು ಮೊಳ. ಆ ಮಗು ನಮ್ಮನ್ನೊಮ್ಮೆ ನೋಡಿ, ಏನೂ ಆಗದವಳಂತೆ ದಾಟಿ ಹೋಯಿತು. ನಮ್ಮ ಕಾಲಿನ ನಡುಕ ನಿಲ್ಲಲು ಮಾತ್ರ ಬಹಳ ಹೊತ್ತು ಬೇಕಾಯಿತು.

ಜನ ಸೇರಿ ಗಾಡಿಯನ್ನು ಪಕ್ಕಕ್ಕೆ ತಳ್ಳಿದರು. ಅಲ್ಲಿಯೇ ಹತ್ತಿರದ ಒಬ್ಬ ತರುಣ ಮಿಸ್ತ್ರಿ ಬಂದು, ಲಿವರಿನ ಮೇಲಿದ್ದ ರಬ್ಬರ್ ಟೊಪ್ಪಿಗೆಯನ್ನು ಹಿಂದಕ್ಕೆ ಸರಿಸಿ, ಹರಿದ ತುದಿಯನ್ನು ಹೊರಗೆಳೆದು ನಮ್ಮ ಕೈಗಿಟ್ಟ. ಆ ತುದಿಯಲ್ಲಿ ನಾಲ್ಕೈದು ಎಳೆಗಳ ಬಾಯಿ ಮಾತ್ರ ಹೊಳೆಯುತ್ತಿತ್ತು. ಉಳಿದ ಎಲ್ಲ ಎಳೆಗಳ ಬಾಯಿ ತುಕ್ಕು ಹಿಡಿದು ಕಂದಾಗಿತ್ತು.

"ಯಜಮಾನ್ರ, ಇದು ಇವತ್ತ ಹರದದ್ದಲ್ರೀ. ಭಾಳ ದಿನದಿಂದ ಒಂದೊಂದಽ ಎಳಿ ಹರಕೋತ ಬಂದೈತಿ. ಲಿವರ್ ಸಡ್ಲ ಆಗಿತ್ತಲ್ಲ, ಆಗ ಏನ್ ಮಾಡಿದ್ರಿ?"

"ಬಿಗಿ ಮಾಡಿದೆವು ತಮ್ಮಾ."

"ಅದಽ ತಪ್ಪಾತ್ ನೋಡ್ರಿ. ಅದು ಒದರತಿತ್ತು, ನೀವು ಬಾಯಿ ಮುಚ್ಚಿಸಿದ್ರಿ."

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಲೇಖನದ ಸಾರವೆಲ್ಲ ಅವನ ಈ ಎರಡು ವಾಕ್ಯಗಳಲ್ಲಿದೆ. ಅದರ ಕಾರಣವನ್ನು ಇನ್ನು ವಿವರವಾಗಿ ನೋಡೋಣ.

ವೈರಿನ ರಚನೆ

ನಾವು ಕ್ಲಚ್ ವೈರು ಎನ್ನುವುದು ನಿಜವಾಗಿ ಎರಡು ಭಾಗಗಳ ಜೋಡಿ. ಒಳಗೆ ಅನೇಕ ಸಣ್ಣ ಉಕ್ಕಿನ ಎಳೆಗಳನ್ನು ಹೊಸೆದು ಮಾಡಿದ ತಂತಿ. ಹೊರಗೆ ಸುರುಳಿ ಉಕ್ಕಿನ ಕೊಳವೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ. ಈ ಬಗೆಯ ತಂತಿಗೆ ಅರ್ನೆಸ್ಟ್ ಮಾನಿಂಗ್ಟನ್ ಬೌಡನ್ ಎಂಬವರು ಬ್ರಿಟನ್ನಿನಲ್ಲಿ 1896ರಲ್ಲಿ ಪೇಟೆಂಟ್ ಪಡೆದರು. ಸೈಕಲ್ಲಿನ ಬ್ರೇಕಿನಲ್ಲಿಯೂ ಕಳೆ ಕೊಚ್ಚುವ ಯಂತ್ರದ ಎಕ್ಸಲೇಟರಿನಲ್ಲಿಯೂ ಇರುವುದು ಇದೇ. ಒಳಗಿನ ತಂತಿ ಎಳೆಯುತ್ತದೆ, ಹೊರಗಿನ ಕೊಳವೆ ಆ ಎಳೆತಕ್ಕೆ ಎದುರಾಗಿ ಒತ್ತಿ ನಿಲ್ಲುತ್ತದೆ. ಆದುದರಿಂದ ಕೊಳವೆಯ ಎರಡು ತುದಿಗಳೂ ತಮ್ಮ ತಮ್ಮ ಗುಳಿಯಲ್ಲಿ ಸರಿಯಾಗಿ ಕುಳಿತಿರಬೇಕು. ಒಂದು ತುದಿ ಸ್ವಲ್ಪ ಮೇಲೆದ್ದರೂ ಕ್ಲಚ್ಚಿನ ಹೊಂದಾಣಿಕೆ ಕೆಡುತ್ತದೆ.

ತಂತಿಯ ತುದಿಗೆ ಸಣ್ಣ ಉರುಳೆಯಂಥ ಲೋಹದ ಗುಂಡು ಇರುತ್ತದೆ. ಇದಕ್ಕೆ ನಿಪ್ಪಲ್ ಎನ್ನುತ್ತಾರೆ. ಲಿವರಿನ ತೂತಿನಲ್ಲಿ ಕೂರುವುದು ಇದೇ. ಲಿವರ್ ಒತ್ತಿದಾಗಲೆಲ್ಲ ಅದರ ಕೋನ ಬದಲಾಗುತ್ತದೆ. ಆ ಬದಲಾವಣೆಗೆ ಸರಿಯಾಗಿ ನಿಪ್ಪಲ್ ತನ್ನ ತೂತಿನಲ್ಲಿ ತಿರುಗಬೇಕು. ಅದು ತಿರುಗುತ್ತಿರುವವರೆಗೆ ತಂತಿಗೆ ಬರಿಯ ಎಳೆತ. ತಿರುಗುವುದು ನಿಂತರೆ ತಂತಿ ನಿಪ್ಪಲಿನ ಬುಡದಲ್ಲಿ ಪ್ರತಿ ಸಲವೂ ಬಾಗಬೇಕಾಗುತ್ತದೆ.

ಬೇಲಿಯ ತಂತಿಯನ್ನು ಇಕ್ಕಳವಿಲ್ಲದೆ ತುಂಡರಿಸಬೇಕಾದಾಗ ನಾವು ಏನು ಮಾಡುತ್ತೇವೆ? ಎಳೆಯುವುದಿಲ್ಲ, ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಾಗಿಸುತ್ತೇವೆ. ಹತ್ತು ಹದಿನೈದು ಸಲಕ್ಕೆ ಅದು ತುಂಡಾಗುತ್ತದೆ. ಕ್ಲಚ್ ವೈರು ಹರಿಯುವುದೂ ಹೀಗೆಯೇ. ಪೇಟೆಗೆ ಒಮ್ಮೆ ಹೋಗಿ ಬರುವುದರೊಳಗೆ ನೂರಾರು ಸಲ ಕ್ಲಚ್ ಹಿಡಿಯುತ್ತೇವೆ. ಒಂದು ಎಳೆ ಹರಿದಾಗ ಉಳಿದವುಗಳ ಮೇಲೆ ಭಾರ ಹೆಚ್ಚುತ್ತದೆ. ಅವು ತುಸು ಹಿಗ್ಗುತ್ತವೆ, ಲಿವರ್ ಸಡಿಲಾಗುತ್ತದೆ. ಮತ್ತೊಂದು ಎಳೆ ಹರಿಯುತ್ತದೆ, ಇನ್ನಷ್ಟು ಸಡಿಲು. ಆ ಸಡಿಲೇ ವೈರಿನ ದೂರು. ನಾವು ಅಡ್ಜಸ್ಟರ್ ತಿರುಗಿಸಿ ಬಿಗಿ ಮಾಡಿದಾಗ ದೂರು ಕೇಳಿಸದಾಯಿತು, ಹರಿಯುವುದು ನಿಲ್ಲಲಿಲ್ಲ.

ನಿಪ್ಪಲ್ ಯಾಕೆ ಸಿಕ್ಕಿಕೊಳ್ಳುತ್ತದೆ?

ನಮ್ಮ ಗಾಡಿಯಲ್ಲಿ ಕಾರಣ ಸ್ಪಷ್ಟವಾಗಿತ್ತು. ರಬ್ಬರ್ ಟೊಪ್ಪಿಗೆಯ ಒಳಗೆ ಕೆಂಪು ಮಣ್ಣು ಸೇರಿ, ಒಣಗಿ, ಇಟ್ಟಿಗೆಯಂತಾಗಿತ್ತು. ನಾವು ಮೇಲಿನಿಂದ ಬಿಟ್ಟ ಎರಡು ಹನಿ ಎಣ್ಣೆ ಲಿವರಿನ ಬೋಲ್ಟಿಗೆ ಮುಟ್ಟಿತ್ತೇ ಹೊರತು ನಿಪ್ಪಲಿಗೆ ಮುಟ್ಟಿರಲಿಲ್ಲ. ಟೊಪ್ಪಿಗೆ ಸರಿಸಿ ನೋಡುವ ಒಂದು ನಿಮಿಷದ ಕೆಲಸವನ್ನು ನಾವು ಮಾಡಿರಲಿಲ್ಲ.

ಬೆಳೆಗಾರರಾದ ನಮಗೆ ವಿಶೇಷವಾಗಿ ಅನ್ವಯಿಸುವ ಇನ್ನೊಂದು ಕಾರಣವುಂಟು. ಬೋರ್ಡೋ ದ್ರಾವಣ ತಯಾರಿಸುವಾಗ ಹೊಳೆಯುವ ಚಾಕುವನ್ನು ಅದ್ದಿ ನೋಡುತ್ತೇವಷ್ಟೆ. 100 ಲೀಟರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಹಾಕಿದರೂ ಸುಣ್ಣ ಹಳೆಯದಾಗಿದ್ದರೆ ಸಾಲದೆ ಬಂದು ಚಾಕುವಿನ ಮೇಲೆ ಕೆಂಪು ತಾಮ್ರ ಅಂಟುತ್ತದೆ. ಹೀಗೆ ತಾಮ್ರ ಅಂಟುವಾಗ ಚಾಕುವಿನ ಕಬ್ಬಿಣ ಅಷ್ಟಷ್ಟೇ ಕರಗಿ ದ್ರಾವಣ ಸೇರುತ್ತದೆ. ಮೈಲುತುತ್ತದ ನೀರು ಚಾಕುವಿಗೆ ಮಾಡುವುದನ್ನೇ ಕೂದಲೆಳೆಯಂಥ ಉಕ್ಕಿನ ತಂತಿಗೂ ಮಾಡುತ್ತದೆ. ಒದ್ದೆ ಮೈಲುತುತ್ತದ ಚೀಲವನ್ನು ಹ್ಯಾಂಡಲಿಗೆ ನೇತುಹಾಕಿ ತರುವುದು, ದ್ರಾವಣ ಮೆತ್ತಿದ ಕೈಯಲ್ಲಿಯೇ ಗಾಡಿ ಹತ್ತುವುದು ನಮ್ಮಲ್ಲಿ ಸಾಮಾನ್ಯ. ಔಷಧಿ ಹೊಡೆಯುವ ದಿನಗಳಲ್ಲಿ ಕೈ ತೊಳೆದು ಗಾಡಿ ಮುಟ್ಟಬೇಕು. ಚೀಲವನ್ನು ಹಿಂದೆ ಕಟ್ಟಬೇಕು.

ನೀರಿನ ಜೋರು ಪೈಪು ಹಿಡಿದು ತೊಳೆಯುವುದೂ ಅಷ್ಟೇ ಕೆಟ್ಟದ್ದು. ಅದು ಕೊಳವೆಯೊಳಗಿನ ಎಣ್ಣೆಯನ್ನು ಹೊರಗೆ ತಳ್ಳಿ ನೀರನ್ನು ಒಳಗೆ ಕೂರಿಸುತ್ತದೆ.

ಬಿಗಿ ಮಾಡುವ ಮೊದಲು ನೋಡಬೇಕಾದದ್ದು

ಕ್ಲಚ್ ಲಿವರ್ ಸಡಿಲಾಯಿತೆಂದು ಕಂಡಾಗ ಪಾನ ಹಿಡಿಯುವ ಮೊದಲು ಕೆಳಗಿನ ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು.

1. ರಬ್ಬರ್ ಟೊಪ್ಪಿಗೆ ಸರಿಸಿದರೆ ನಿಪ್ಪಲಿನ ಬುಡದಲ್ಲಿ ಯಾವುದಾದರೂ ಎಳೆ ಮುಳ್ಳಿನಂತೆ ಎದ್ದಿದೆಯೇ? ಒಂದೇ ಒಂದು ಎದ್ದಿದ್ದರೂ ವೈರಿನ ಆಯುಷ್ಯ ಮುಗಿಯಿತೆಂದು ತಿಳಿದು ಬದಲಿಸಬೇಕು. ಇಂಜಿನ್ ಕಡೆಯ ತುದಿಯನ್ನೂ ನೋಡಬೇಕು.

2. ಲಿವರ್ ಒತ್ತುವಾಗ ಕೈಗೆ ಕರಕರ ಅನ್ನಿಸುತ್ತದೆಯೇ? ಬಿಟ್ಟಾಗ ನಿಧಾನವಾಗಿ ಹಿಂದಿರುಗುತ್ತದೆಯೇ? ಹಾಗಾದರೆ ತಂತಿ ಕೊಳವೆಯೊಳಗೆ ಉಜ್ಜುತ್ತಿದೆ.

3. ನಿಂತಾಗ ನ್ಯೂಟ್ರಲ್ ಸಿಗುವುದು ಕಷ್ಟವಾಗಿದೆಯೇ? ಕ್ಲಚ್ ಪೂರ್ತಿ ಹಿಡಿದಿದ್ದರೂ ಗಾಡಿ ಮುಂದಕ್ಕೆ ತೆವಳುತ್ತದೆಯೇ? ಇದು ಸಡಿಲು ಹೆಚ್ಚಾದುದರ ಗುರುತು.

4. ಕಳೆದ ಸಲ ಯಾವಾಗ ಬಿಗಿ ಮಾಡಿದ್ದೆವು? ಹೊಸ ವೈರು ಮೊದಲ ಕೆಲವು ದಿನಗಳಲ್ಲಿ ಕೂತುಕೊಂಡು ಸ್ವಲ್ಪ ಸಡಿಲಾಗುವುದು ಸಹಜ. ಆದರೆ ಹಳೆಯ ವೈರು ಇದ್ದಕ್ಕಿದ್ದಂತೆ ಸಡಿಲಾಗುವುದು, ಅಥವಾ ಪದೇ ಪದೇ ಬಿಗಿ ಕೇಳುವುದು ಸಹಜವಲ್ಲ.

ಇವೆಲ್ಲ ಸರಿಯಿದ್ದರೆ ಮಾತ್ರ ಅಡ್ಜಸ್ಟರ್ ಮುಟ್ಟಬಹುದು. ಆಗಲೂ ಸಡಿಲನ್ನು ಪೂರ್ತಿ ತೆಗೆಯಬಾರದು. ಲಿವರಿನ ತುದಿಯಲ್ಲಿ ಸುಮಾರು 10ರಿಂದ 20 ಮಿಲಿಮೀಟರಿನಷ್ಟು ಸಡಿಲು ಅನೇಕ ಗಾಡಿಗಳಿಗೆ ಬೇಕಾಗುತ್ತದೆ. ತಮ್ಮ ಗಾಡಿಯ ಪುಸ್ತಕದಲ್ಲಿ ಕೊಟ್ಟ ಅಳತೆಯೇ ಪ್ರಮಾಣ. ಸಡಿಲೇ ಇಲ್ಲದಂತೆ ಬಿಗಿದರೆ ಕ್ಲಚ್ ಪೂರ್ತಿ ಕಚ್ಚದೆ ಜಾರುತ್ತದೆ. ಏರಿನಲ್ಲಿ ಇಂಜಿನಿನ ಕೂಗು ಏರುತ್ತದೆ, ಗಾಡಿ ಏರುವುದಿಲ್ಲ. ಒಳಗೆ ಕ್ಲಚ್ ಪ್ಲೇಟು ಸುಡುತ್ತದೆ. ವೈರಿನ ಖರ್ಚಿನ ಜಾಗದಲ್ಲಿ ಪ್ಲೇಟಿನ ಖರ್ಚು ಬರುತ್ತದೆ.

ಹೊಸ ವೈರು ಹಾಕುವ ಕ್ರಮ

ಈ ಕೆಲಸ ಮನೆಯಲ್ಲಿ ಮಾಡಬಹುದಾದದ್ದೇ. ಎರಡು ಪಾನ, ಒಂದು ಇಕ್ಕಳ, ಸ್ವಲ್ಪ ಗ್ರೀಸು ಸಾಕು.

1. ಹಳೆಯ ವೈರು ತೆಗೆಯುವ ಮೊದಲು ಅದು ಹೋಗಿರುವ ದಾರಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಹೆಡ್‌ಲೈಟಿನ ಹಿಂದೆಯೋ ಮುಂದೆಯೋ, ಟ್ಯಾಂಕಿನ ಯಾವ ಬದಿಯೋ ಎಂಬುದು ಆಮೇಲೆ ನೆನಪಿರುವುದಿಲ್ಲ.

2. ಹೊಸ ವೈರನ್ನು ಹಳೆಯದರ ಪಕ್ಕದಲ್ಲಿಟ್ಟು ಉದ್ದವನ್ನೂ ನಿಪ್ಪಲಿನ ಆಕಾರವನ್ನೂ ಹೋಲಿಸಿ. ಹೆಚ್ಚು ಕಡಿಮೆ ಹೊಂದುತ್ತದೆ ಎಂಬ ವೈರನ್ನು ಹಿಂದಿರುಗಿಸಿ.

3. ಎಣ್ಣೆ ಹಾಕಬೇಕಾದ ವೈರಾದರೆ ನೇತುಹಾಕಿ, ಮೇಲಿನ ತುದಿಗೆ ಪ್ಲಾಸ್ಟಿಕ್ ಹಾಳೆಯ ಕೊಟ್ಟೆ ಕಟ್ಟಿ, ತೆಳು ಎಣ್ಣೆ ತುಂಬಿ ಬಿಡಿ. ಕೆಳತುದಿಯಲ್ಲಿ ಹನಿ ಕಂಡಾಗ ಸಾಕು. ಕೊಳವೆಯೊಳಗೆ ದಪ್ಪ ಗ್ರೀಸು ತುಂಬಬಾರದು. ಅದು ಧೂಳನ್ನು ಹಿಡಿದು ಅಂಟಾಗುತ್ತದೆ. ಈಚಿನ ಕೆಲವು ವೈರುಗಳಿಗೆ ಒಳಗೆ ನುಣುಪಾದ ಪದರವಿದ್ದು ಎಣ್ಣೆ ಬೇಡವೆಂದು ತಯಾರಕರೇ ಹೇಳಿರುತ್ತಾರೆ, ಅಲ್ಲಿ ಹಾಕಬಾರದು.

4. ಲಿವರಿನ ತೂತನ್ನು ಕಡ್ಡಿಗೆ ಬಟ್ಟೆ ಸುತ್ತಿ ಒರೆಸಿ, ನಿಪ್ಪಲಿಗೆ ಗ್ರೀಸು ಹಚ್ಚಿ ಕೂರಿಸಿ. ಬೆರಳಿನಿಂದ ತಿರುಗಿಸಿದರೆ ಸರಾಗವಾಗಿ ತಿರುಗಬೇಕು. ಇಡೀ ಕೆಲಸದಲ್ಲಿ ಇದೇ ಮುಖ್ಯ.

5. ಮೇಲಿನ ಅಡ್ಜಸ್ಟರನ್ನು ಬಹುಪಾಲು ಒಳಕ್ಕೆ ತಿರುಗಿಸಿಟ್ಟು, ಮೊದಲು ಇಂಜಿನ್ ಕಡೆಯಲ್ಲಿ ಸಡಿಲನ್ನು ಹೊಂದಿಸಿ. ಕೊನೆಯ ಸಣ್ಣ ಹೊಂದಾಣಿಕೆ ಮಾತ್ರ ಮೇಲೆ. ಅಡ್ಜಸ್ಟರಿನ ಸೀಳು ಮತ್ತು ಲಾಕ್ ನಟ್ಟಿನ ಸೀಳು ಒಂದೇ ಸಾಲಿಗೆ ನಿಲ್ಲದಂತೆ ನೋಡಿಕೊಳ್ಳಿ. ನಿಂತರೆ ಅಲ್ಲಿಂದ ನೀರಿಳಿಯುತ್ತದೆ, ವೈರು ಹೊರಗೆ ಜಿಗಿಯಲೂಬಹುದು.

6. ಗಾಡಿಯನ್ನು ನಡುಸ್ಟ್ಯಾಂಡಿನಲ್ಲಿ ನಿಲ್ಲಿಸಿ, ನ್ಯೂಟ್ರಲಿನಲ್ಲಿ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಲಿವರಿನ ಸಡಿಲು ಎರಡೂ ಕಡೆ ಒಂದೇ ಸಮನಿರಬೇಕು. ಬದಲಾದರೆ ವೈರು ಎಲ್ಲೋ ಸಿಕ್ಕಿಕೊಂಡಿದೆ ಅಥವಾ ತೀರ ಬಾಗಿದೆ. ಸೈಲೆನ್ಸರಿಗೂ ಇಂಜಿನಿನ ಬಿಸಿ ಭಾಗಕ್ಕೂ ಅದು ತಾಗುತ್ತಿರಬಾರದು.

7. ಮೊದಲ ಓಟ ಮನೆಯ ದಾರಿಯಲ್ಲಿಯೇ ಆಗಲಿ, ಜನನಿಬಿಡ ಪೇಟೆಯಲ್ಲಿ ಬೇಡ. ಮರುದಿನ ಮತ್ತೆ ಸಡಿಲು ನೋಡಿ.

ದಾರಿಯಲ್ಲಿ ಹರಿದರೆ

ಓಡುತ್ತಿರುವಾಗ ಹರಿದರೆ ಲಿವರನ್ನು ಮತ್ತೆ ಮತ್ತೆ ಒತ್ತುತ್ತ ಸಮಯ ಕಳೆಯಬಾರದು. ಅದು ಇನ್ನು ಕೆಲಸ ಮಾಡುವುದಿಲ್ಲ. ಎಕ್ಸಲೇಟರ್ ಪೂರ್ತಿ ಬಿಡಿ, ಎರಡೂ ಬ್ರೇಕು ಹದವಾಗಿ ಹಿಡಿಯಿರಿ, ಇಂಜಿನ್ ಬಂದು ಮಾಡುವ ಸ್ವಿಚ್ಚಿದ್ದರೆ ಒತ್ತಿರಿ. ಇಂಜಿನ್ ಒದರಾಡಿ ನಿಂತರೆ ನಿಲ್ಲಲಿ. ಗಾಡಿಯನ್ನು ಪಕ್ಕಕ್ಕೆ ತಂದ ಮೇಲೆ ಉಳಿದ ವಿಚಾರ.

ಜತೆಯಲ್ಲಿ ಬದಲಿ ವೈರು ಇದ್ದರೆ ಅಲ್ಲಿಯೇ ಹಾಕಿಕೊಳ್ಳಬಹುದು. ದೂರ ಓಡಾಡುವವರು ಹೊಸ ವೈರನ್ನು ಹಳೆಯದರ ಜತೆಗೇ, ಅದೇ ದಾರಿಯಲ್ಲಿ ಹಾಯಿಸಿ, ತುದಿಗಳಿಗೆ ನೀರು ಹೋಗದಂತೆ ಟೇಪು ಸುತ್ತಿ ಕಟ್ಟಿಟ್ಟುಕೊಳ್ಳುವುದುಂಟು. ಹರಿದಾಗ ಎರಡು ತುದಿ ಸಿಕ್ಕಿಸಿದರಾಯಿತು. ತಂತಿಗೆ ತಿರುಪಿನಿಂದ ಬಿಗಿಯುವ ಸಿದ್ಧ ನಿಪ್ಪಲ್ ಸಿಗುತ್ತದೆ. ಅದು ಗ್ಯಾರೇಜಿನವರೆಗೆ ಮಾತ್ರ, ಮರುದಿನದ ಓಡಾಟಕ್ಕಲ್ಲ.

ವೈರಿಲ್ಲದೆ ಗಾಡಿ ಓಡಿಸಿಕೊಂಡು ಬಂದೆವೆಂದು ಹೇಳುವವರಿದ್ದಾರೆ. ನ್ಯೂಟ್ರಲಿನಲ್ಲಿ ಇಂಜಿನ್ ಚಾಲೂ ಮಾಡಿ, ತಳ್ಳಿ ನಡಿಗೆಯ ವೇಗ ಬಂದಾಗ ಗೇರು ಹಾಕುವುದು, ನಿಲ್ಲುವ ಮೊದಲೇ ನ್ಯೂಟ್ರಲಿಗೆ ತರುವುದು ಈ ವಿಧಾನ. ಸಮತಟ್ಟಾದ, ಖಾಲಿ ರಸ್ತೆಯಲ್ಲಿ, ಒಬ್ಬರೇ ಇದ್ದಾಗ, ಗತಿಯಿಲ್ಲದಿದ್ದರೆ ಇದು ಸಾಧ್ಯ. ಘಟ್ಟದಲ್ಲಿ, ಪೇಟೆಯಲ್ಲಿ, ಹಿಂದೆ ಜನ ಅಥವಾ ಹೇರು ಇರುವಾಗ ಖಂಡಿತ ಕೂಡದು. ಗೇರಿನಲ್ಲಿಟ್ಟು ಸೆಲ್ಫ್ ಒತ್ತುವ ಪ್ರಯತ್ನವೂ ಬೇಡ. ಗಾಡಿ ಕೈಮೀರಿ ಜಿಗಿಯುತ್ತದೆ. ಕೆಲಗೇರಿಯಲ್ಲಿ ಕಂಡ ಆ ಒಂದು ಮೊಳದ ಅಂತರ ನಮಗೆ ಈಗಲೂ ಕಣ್ಣಿಗೆ ಕಟ್ಟಿದೆ. ಸಮೀಪದ ಮನೆಯ ಅಂಗಳದಲ್ಲಿ ಗಾಡಿ ಬಿಟ್ಟು ಬಸ್ಸು ಹಿಡಿಯುವುದರಲ್ಲಿ ಅವಮಾನವೇನೂ ಇಲ್ಲ.

ಹಳೆಯ ಸದಸ್ಯರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು: ನಮ್ಮ ಜಾವಾ ಯೆಜ್ಡಿಗಳಲ್ಲಿ ವೈರು ಹರಿದರೂ ಮನೆ ಸೇರುತ್ತಿದ್ದೆವಲ್ಲ ಎಂದು. ಅದು ನಿಜ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಆ ಗಾಡಿಗಳಲ್ಲಿ ಗೇರಿನ ಲಿವರನ್ನು ಒತ್ತಿದರೆ ಕ್ಲಚ್ಚೂ ತಾನಾಗಿ ಬಿಡುವ ಏರ್ಪಾಡಿತ್ತು. ಮೊಪೆಡ್ಡು, ಸ್ಕೂಟರುಗಳಲ್ಲಿ ಕ್ಲಚ್ ತನ್ನಷ್ಟಕ್ಕೆ ಕೆಲಸ ಮಾಡುವುದರಿಂದ ಈಗ ಬರುವ ಬಹುತೇಕ ಅಂಥ ಗಾಡಿಗಳಿಗೆ ಈ ವೈರೇ ಇಲ್ಲ. ಆದರೆ ನಮ್ಮಲ್ಲಿ ಹೆಚ್ಚಿನವರು ಇಂದು ಓಡಿಸುವ ಗೇರಿನ ಮೋಟರ್ ಸೈಕಲ್ಲುಗಳಲ್ಲಿ ಆ ಅನುಕೂಲವಿಲ್ಲ. ಹಳೆಯ ಗಾಡಿಯ ಧೈರ್ಯವನ್ನು ಹೊಸ ಗಾಡಿಯ ಮೇಲೆ ತೋರಿಸಬಾರದು.

ಕೊನೆಯ ಮಾತು

ಅಂದು ಹೊಸ ವೈರು ಹಾಕಿಸಿಕೊಂಡು ಮಣ್ಣಿನ ಚೀಲಗಳನ್ನು ವಿಶ್ವವಿದ್ಯಾಲಯಕ್ಕೆ ಮುಟ್ಟಿಸಿದೆವು. ಹಿಂದಿರುಗುವಾಗ ಒಂದು ವಿಚಾರ ತಲೆಯಲ್ಲಿ ಸುಳಿಯಿತು. ಅಡಿಕೆ ಮರ ಹಳದಿಯಾದರೆ ನಾವು ಒಮ್ಮೆಲೇ ಗೊಬ್ಬರ ಸುರಿಯುವುದಿಲ್ಲ. ಬುಡದಲ್ಲಿ ನೀರು ನಿಂತಿದೆಯೇ, ಬೇರು ಕೊಳೆತಿದೆಯೇ, ಮಣ್ಣಿನಲ್ಲಿ ಏನು ಕಡಿಮೆಯಿದೆ ಎಂದು ನೋಡುತ್ತೇವೆ. ಮರಕ್ಕೆ ತೋರಿಸಿದ ಈ ವಿವೇಕವನ್ನು ಲಿವರಿಗೆ ತೋರಿಸಿರಲಿಲ್ಲ. ಸಡಿಲಾದದ್ದನ್ನು ಬಿಗಿ ಮಾಡುವುದು ಸುಲಭ. ಯಾಕೆ ಸಡಿಲಾಯಿತೆಂದು ಮೊದಲು ಕೇಳುವುದೇ ರಿಪೇರಿ.

ಕ್ಲಚ್ ವೈರಿನ ಬೆಲೆ ಸಾಮಾನ್ಯವಾಗಿ ಒಂದು ಕಿಲೋ ಚಾಲಿ ಅಡಿಕೆಯ ಬೆಲೆಗಿಂತ ಹೆಚ್ಚಿರುವುದಿಲ್ಲ. ಸದಸ್ಯರು ಇಂದೇ ಸಂಜೆ ಗಾಡಿ ನಿಲ್ಲಿಸಿದ ಮೇಲೆ ಆ ರಬ್ಬರ್ ಟೊಪ್ಪಿಗೆಯನ್ನು ಒಮ್ಮೆ ಸರಿಸಿ ನೋಡಬೇಕೆಂದು ವಿನಂತಿ. ಎದ್ದ ಎಳೆ ಕಂಡರೆ ಬದಲಿಸುವವರೆಗೆ ಮನೆಯ ಮಕ್ಕಳನ್ನು ಆ ಗಾಡಿಯ ಮೇಲೆ ಶಾಲೆಗೆ ಕಳಿಸಬೇಡಿ. ದಾರಿಯಲ್ಲಿ ಬೇರೆಯವರ ಮಕ್ಕಳೂ ದಾಟುತ್ತಿರುತ್ತಾರೆ. ಇಂಥ ಅನುಭವಗಳು ಇದ್ದವರು ಬರೆದು ಕಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.